ವಿದ್ಯಾಶಾಲೆಯಲ್ಲಿ ಪಂಕ್ತಿಭೇದ

ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಕೊಠಡಿಯಲ್ಲಿ ಕುಳಿತು ಒಬ್ಬರೇ ಗುರುಗಳ ಪಾಠವನ್ನು ಕೇಳುವ ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬನು ತೆರುವ ಶುಲ್ಕಕ್ಕಿಂತ ಮತ್ತೊಬ್ಬನು ತೆರುವುದು ಬಹಳ ಹೆಚ್ಚು. ಮೊದಲನೆಯವನು ಸ್ವದೇಶೀಯನೆಂದೂ ಎರಡನೆಯವನು ಪರದೇಶೀಯನೆಂದೂ ಗಣಿಸಲ್ಪಟ್ಟಿರುವುದೇ ಇದಕ್ಕೆ ಕಾರಣ. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಈ ಎರಡನೆಯ ಪಂಕ್ತಿಯಲ್ಲಿರುವುದರಿಂದ, ವಿಷಯವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವಾಗಿದೆ.

ಈ ಭೇದವು ಅನಾದಿಯಿಂದ ಬಂದುದಲ್ಲ. 1967ರಲ್ಲಿ ಅಲ್ಲಿಯ ಸರ್ಕಾರವು ಸ್ವದೇಶೀಯರಿಗೆ 70 ಪೌಂಡುಗಳಿದ್ದ ಶುಲ್ಕವನ್ನು ಪರದೇಶೀಯರಿಗೆ 250 ಪೌಂಡುಗಳಿಗೆ ಏರಿಸುವಂತೆ ಸೂಚಿಸಿತು. 1980ರಿಂದ ಹೊಸದಾಗಿ ಸೇರುವ ಪರದೇಶೀಯರು ಶಿಕ್ಷಣದ ಪೂರ್ಣ ವೆಚ್ಚವನ್ನೇ ತೆರಬೇಕೆಂದು ಗೊತ್ತಾಯಿತು. 2021ರ ಆಗಸ್ಟಿನಿಂದ ಐರೋಪ್ಯ ಒಕ್ಕೂಟದ ಬಹುಪಾಲು ವಿದ್ಯಾರ್ಥಿಗಳೂ ತಮ್ಮ ಹಿಂದಿನ ಸ್ಥಾನವನ್ನು ಕಳೆದುಕೊಂಡು ನಮ್ಮವರ ಪಂಕ್ತಿಗೇ ಬಂದರು.

ಸ್ವದೇಶೀಯನೆನಿಸಿಕೊಳ್ಳಲು ಸಾಮಾನ್ಯವಾಗಿ ಖಾಯಂ ನೆಲಸುವ ಹಕ್ಕು ಇರಬೇಕು. ಮೂರು ವರ್ಷ ಅಲ್ಲಿ ವಾಸವಾಗಿರಬೇಕು. ಆ ವಾಸವು ಮುಖ್ಯವಾಗಿ ವಿದ್ಯಾಭ್ಯಾಸಕ್ಕಾಗಿಯೇ ಆಗಿರಬಾರದು. ಎಂದ ಮೇಲೆ, ಓದಲೆಂದೇ ಹೋದ ನಮ್ಮ ಹುಡುಗನು ಎಷ್ಟು ವರ್ಷ ಓದಿದರೂ ಆ ಓದಿನ ಬಲದಿಂದ ಪಂಕ್ತಿ ಬದಲಿಸಲಾರನು.

ಒಂದು ದೇಶವು ತನ್ನ ತೆರಿಗೆದಾರರ ಮಕ್ಕಳಿಗೆ ರಿಯಾಯಿತಿ ತೋರಿಸುವುದನ್ನು ನಾವು ಆಕ್ಷೇಪಿಸುವುದಿಲ್ಲ. ಯಾರ ಹಣದಿಂದ ಶಾಲೆ ನಡೆಯುತ್ತದೆಯೋ ಅವರಿಗೆ ಮೊದಲ ಮಣೆ ಸಲ್ಲುವುದು ಲೋಕರೂಢಿ. ಆದರೆ ಇಂದಿನ ಸ್ಥಿತಿ ತಿರುಗುಮುರುಗಾಗಿದೆ. ಸ್ವದೇಶೀಯರ ಪಾಠದಲ್ಲಿಯೂ ಸಂಶೋಧನೆಯಲ್ಲಿಯೂ ಬೀಳುವ ಕೊರತೆಯನ್ನು ಅನೇಕ ವಿಶ್ವವಿದ್ಯಾನಿಲಯಗಳು ಪರದೇಶೀಯರ ಶುಲ್ಕದಿಂದಲೇ ತುಂಬಿಕೊಳ್ಳುತ್ತಿವೆ. ಸಾಲದುದಕ್ಕೆ, 2028ರ ಆಗಸ್ಟಿನಿಂದ ಪರದೇಶೀಯ ವಿದ್ಯಾರ್ಥಿಯೊಬ್ಬನಿಗೆ ವರ್ಷಕ್ಕೆ 925 ಪೌಂಡುಗಳಂತೆ, ಮೊದಲ 220 ಮಂದಿಯನ್ನು ಬಿಟ್ಟು, ವಿಶ್ವವಿದ್ಯಾನಿಲಯಗಳಿಂದ ಸುಂಕವನ್ನು ಎತ್ತುವುದಾಗಿ 2025ರಲ್ಲಿ ಸರ್ಕಾರವು ಸಾರಿತು. ಆ ದೇಶದ ಬಡ ವಿದ್ಯಾರ್ಥಿಗಳಿಗೆ ಸಹಾಯಧನ ಕೊಡುವುದು ಇದರ ಉದ್ದೇಶವಂತೆ. ಉದ್ದೇಶವು ಶ್ಲಾಘ್ಯವೇ; ಆದರೆ ಸುಂಕದ ಭಾರವು ಕೊನೆಗೆ ಶುಲ್ಕದ ಮೇಲೆ ಇಳಿಯುವುದಿಲ್ಲವೆಂದು ನಂಬುವುದು ಹೇಗೆ? ಇತ್ತ ಓದು ಮುಗಿದ ಮೇಲೆ ಅಲ್ಲಿ ದುಡಿಯಲು ಕೊಡುವ ಎರಡು ವರ್ಷದ ಅವಕಾಶವೂ, ಡಾಕ್ಟರೇಟ್ ಪಡೆದವರನ್ನು ಬಿಟ್ಟರೆ, 1-1-2027ರಿಂದ ಅರ್ಜಿ ಹಾಕುವವರಿಗೆ 18 ತಿಂಗಳೆಂದು ನಿಗದಿಯಾಗಿದೆ. ಹಸುವಿನ ಕೆಚ್ಚಲನ್ನು ನೋಡುವವರು ಅದರ ಮೇವನ್ನೂ ನೋಡಬೇಡವೆ?

ವಿಶ್ವವಿದ್ಯಾನಿಲಯಗಳು ನಿರುಪಾಯರೆಂದು ಹೇಳುವಂತಿಲ್ಲ. ಅಲ್ಲಿಯ ಕಾನೂನು ಪರದೇಶೀಯರಿಂದ ಹೆಚ್ಚು ಶುಲ್ಕವನ್ನು ಪಡೆಯಬಹುದೆನ್ನುತ್ತದೆಯೇ ಹೊರತು ಪಡೆಯಲೇಬೇಕೆನ್ನುವುದಿಲ್ಲ. 2021ರಿಂದ ಬ್ರಿಟನ್ನಿನ ಸರ್ಕಾರಿ ಸಂಶೋಧನಾ ವೇತನಗಳ ಒಂದು ಪಾಲನ್ನು ಪರದೇಶೀಯರಿಗೂ ತೆರೆದಿದ್ದಾರೆ. ಹಾಗೆ ಆಯ್ಕೆಯಾದವರಿಂದ ಶುಲ್ಕದ ವ್ಯತ್ಯಾಸವನ್ನು ಕೇಳದೆ ತಾವೇ ಬಿಟ್ಟುಕೊಟ್ಟ ಸಂಸ್ಥೆಗಳೂ ಇವೆ. ಮನಸ್ಸಿದ್ದಲ್ಲಿ ಮಾರ್ಗವುಂಟು.

ಪ್ರವೇಶಪತ್ರವನ್ನು ಕೊಡುವಾಗಲೇ ವ್ಯಾಸಂಗ ಮುಗಿಯುವವರೆಗಿನ ಶುಲ್ಕವನ್ನು ಬರೆದು ಕೊಡಬೇಕು, ನಡುವೆ ಏರಿಸಕೂಡದು. ಇದು ದಾನವಲ್ಲ, ನುಡಿದ ಮಾತಿಗೆ ನಿಲ್ಲುವುದು. ಮನೆಯನ್ನೋ ಹೊಲವನ್ನೋ ಒತ್ತೆಯಿಟ್ಟು ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು, ಎರಡನೆಯ ವರ್ಷದ ಶುಲ್ಕವೆಷ್ಟೆಂಬುದನ್ನು ಕೇಳಿ, ಬರೆಹದಲ್ಲಿ ಉತ್ತರವನ್ನು ಪಡೆಯದೆ ಸಾಲಪತ್ರಕ್ಕೆ ರುಜು ಹಾಕಬಾರದು. ನಮ್ಮ ಸರ್ಕಾರಗಳಾದರೋ ಈ ಮಕ್ಕಳಿಗೆ ಇಲ್ಲಿಯೇ ಉತ್ತಮ ಪ್ರಯೋಗಶಾಲೆಗಳನ್ನೂ ಸಂಶೋಧನಾ ವೇತನಗಳನ್ನೂ ಒದಗಿಸತಕ್ಕದ್ದು. ಪರರ ಪಂಕ್ತಿಯಲ್ಲಿ ಭೇದವಾಯಿತೆಂದು ದೂರುವವರು ತಮ್ಮ ಮನೆಯಲ್ಲಿ ಎಲೆ ಹಾಕುವುದನ್ನು ಮರೆಯಬಾರದು.