ಮಲೇರಿಯಾ ರೋಗಾಣು ರಕ್ತದಲ್ಲಿ ಬೆಳೆಯುವ ಬಗೆ: ಪ್ರೋಟೀನುಗಳ ಪಾತ್ರ

ಹಳ್ಳಿಗಳಲ್ಲಿ ಚಳಿಜ್ವರವೆಂದು ಕರೆಯಲಾಗುವ ಮಲೇರಿಯಾ ರೋಗದ ಚರಿತ್ರೆಯಲ್ಲಿ ಹೈದರಾಬಾದ್ ನಗರಕ್ಕೆ ವಿಶೇಷ ಸ್ಥಾನವಿದೆ. ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು, ಹೈದರಾಬಾದಿನ ಅವಳಿ ನಗರವಾದ ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯೊಬ್ಬನ ರಕ್ತವನ್ನು ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಜಠರದ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡುಬಂದವು. ಅವುಗಳೊಳಗೆ ಕಪ್ಪು ಬಣ್ಣದ ಸಣ್ಣ ಕಣಗಳಿದ್ದವು. 1880ರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಅಲ್ಜೀರಿಯದ ರೋಗಿಗಳ ರಕ್ತದಲ್ಲಿ ಕಂಡುಹಿಡಿದಿದ್ದ ರೋಗಾಣುಗಳಲ್ಲಿಯೂ ಇಂತಹುದೇ ಕಣಗಳಿದ್ದವು. ಈ ಕಪ್ಪು ಕಣಗಳ ಗುರುತಿನಿಂದಲೇ, ರೋಗಾಣುವು ಸೊಳ್ಳೆಯ ದೇಹದಲ್ಲಿಯೂ ಬೆಳೆಯುತ್ತದೆಂದು ರಾಸ್ ಅರಿತರು. 1898ರಲ್ಲಿ ಕಲ್ಕತ್ತದಲ್ಲಿ ಪಕ್ಷಿಗಳ ಮಲೇರಿಯಾವನ್ನು ಅಭ್ಯಾಸ ಮಾಡಿ, ಸೊಳ್ಳೆಯ ಕಡಿತದಿಂದ ಈ ರೋಗ ಹರಡುವುದನ್ನು ಅವರು ಸಿದ್ಧಪಡಿಸಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆ ಕಪ್ಪು ಕಣಗಳು ಯಾವುವು, ಅವು ಹೇಗೆ ಉಂಟಾಗುತ್ತವೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು. ರೋಗಾಣು ಮನುಷ್ಯನ ರಕ್ತವನ್ನು ಆಹಾರವಾಗಿ ಬಳಸಿಕೊಂಡ ಮೇಲೆ ಉಳಿಯುವ ಕಸವೇ ಈ ಕಣಗಳು. ರಕ್ತದೊಳಗೆ ಪ್ರವೇಶಿಸುವುದು, ಅಲ್ಲಿ ಆಹಾರ ಪಡೆಯುವುದು, ಅಡಗಿರುವುದು, ವೃದ್ಧಿಯಾಗುವುದು, ಕೊನೆಗೆ ಹೊರಬರುವುದು, ಇವೆಲ್ಲವನ್ನೂ ರೋಗಾಣುವಿನ ಪ್ರೋಟೀನುಗಳೇ ನಡೆಸುತ್ತವೆ. ರೋಗವನ್ನು ಪತ್ತೆ ಮಾಡುವ ಪರೀಕ್ಷೆಗಳೂ ಗುಣಪಡಿಸುವ ಹಲವು ಔಷಧಿಗಳೂ ಈ ಕಾರ್ಯಗಳನ್ನೇ ಅವಲಂಬಿಸಿವೆ.

ರೋಗಾಣುವಿನ ಸ್ವರೂಪ

ಮಲೇರಿಯಾವನ್ನು ಉಂಟುಮಾಡುವ ಪ್ಲಾಸ್ಮೋಡಿಯಂ ಒಂದೇ ಜೀವಕೋಶದಿಂದಾದ ಪರೋಪಜೀವಿ. ಭಾರತದಲ್ಲಿ ಇದರ ಎರಡು ಪ್ರಭೇದಗಳು ಮುಖ್ಯವಾದವು: ವೈವಾಕ್ಸ್ ಮತ್ತು ಫಾಲ್ಸಿಪಾರಂ. ಪ್ರಾಣಾಪಾಯ ಹೆಚ್ಚಾಗಿರುವುದು ಫಾಲ್ಸಿಪಾರಂನಿಂದ. 2002ರಲ್ಲಿ ಇದರ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು. ಅದರ 14 ವರ್ಣತಂತುಗಳಲ್ಲಿ ಸುಮಾರು 5,300 ವಂಶವಾಹಿಗಳಿವೆಯೆಂದು ಆಗ ತಿಳಿದುಬಂದಿತು. ಪ್ರೋಟೀನುಗಳನ್ನು ತಯಾರಿಸುವ ಸೂಚನೆಗಳು ಅಡಗಿರುವುದು ಈ ವಂಶವಾಹಿಗಳಲ್ಲಿಯೇ.

ಸೊಳ್ಳೆ ಕಡಿದಾಗ ದೇಹವನ್ನು ಸೇರುವ ರೋಗಾಣು ಮೊದಲು ಯಕೃತ್ತಿಗೆ ಹೋಗಿ, ಅಲ್ಲಿ ಸಾವಿರಾರು ಪಟ್ಟು ವೃದ್ಧಿಯಾಗುತ್ತದೆ. ಈ ಅವಧಿಯಲ್ಲಿ ರೋಗಿಗೆ ಯಾವ ತೊಂದರೆಯೂ ತೋರುವುದಿಲ್ಲ. ರೋಗಾಣುಗಳು ಯಕೃತ್ತಿನಿಂದ ರಕ್ತಕ್ಕೆ ಬಂದು, ಕೆಂಪು ರಕ್ತಕಣಗಳೊಳಗೆ ಬೆಳೆಯಲಾರಂಭಿಸಿದ ಮೇಲೆಯೇ ಚಳಿ, ಜ್ವರ, ಬೆವರು, ರಕ್ತಹೀನತೆ ಕಾಣಿಸಿಕೊಳ್ಳುತ್ತವೆ.

ರಕ್ತಕಣದೊಳಕ್ಕೆ ಪ್ರವೇಶ

ಕೆಂಪು ರಕ್ತಕಣದೊಳಕ್ಕೆ ರೋಗಾಣು ನುಗ್ಗುವ ಕಾರ್ಯ ಒಂದೆರಡು ನಿಮಿಷಗಳಲ್ಲಿಯೇ ಮುಗಿಯುತ್ತದೆ. ರೋಗಾಣುವಿನ ಹೊರಮೈಯಲ್ಲಿ ಎಂಎಸ್‌ಪಿ1 ಎಂಬ ಪ್ರೋಟೀನು ಹೇರಳವಾಗಿದೆ. ಅದರ ಬಳಿಕ ಆರ್‌ಎಚ್5 ಎಂಬ ಇನ್ನೊಂದು ಪ್ರೋಟೀನು ರಕ್ತಕಣದ ಮೇಲಿರುವ ಬೇಸಿಜಿನ್ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಈ ಹಿಡಿತವಿಲ್ಲದೆ ಫಾಲ್ಸಿಪಾರಂ ಒಳಹೋಗಲಾರದೆಂಬುದು 2011ರಲ್ಲಿ ತಿಳಿದುಬಂದಿತು. ಮುಂದಿನ ಹಂತ ಇನ್ನೂ ಸೋಜಿಗದ್ದು. ರೋಗಾಣು ತನ್ನದೇ ಪ್ರೋಟೀನೊಂದನ್ನು ರಕ್ತಕಣದ ಪೊರೆಯಲ್ಲಿ ನೆಟ್ಟು, ಎಎಂಎ1 ಎಂಬ ತನ್ನ ಮತ್ತೊಂದು ಪ್ರೋಟೀನಿನಿಂದ ಅದನ್ನು ಹಿಡಿದು, ಒಳಕ್ಕೆ ಜಾರಿಕೊಳ್ಳುತ್ತದೆ.

ವೈವಾಕ್ಸ್ ರೋಗಾಣುವಿಗೆ ರಕ್ತಕಣದ ಮೇಲಿನ ಡಫಿ ಎಂಬ ಪ್ರೋಟೀನು ಮುಖ್ಯ ದ್ವಾರ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಹುಪಾಲು ಜನರ ರಕ್ತಕಣಗಳಲ್ಲಿ ಈ ಪ್ರೋಟೀನು ಇಲ್ಲದಿರುವುದರಿಂದ ಅಲ್ಲಿ ವೈವಾಕ್ಸ್ ಮಲೇರಿಯಾ ವಿರಳ.

ಆಹಾರ ಮತ್ತು ಕಪ್ಪು ಕಣ

ಕೆಂಪು ರಕ್ತಕಣದ ತುಂಬ ಹೀಮೊಗ್ಲೋಬಿನ್ ಇರುತ್ತದೆ. ರೋಗಾಣು ಇದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ನುಂಗಿ, ತನ್ನ ಜೀರ್ಣಕೋಶದಲ್ಲಿ ಒಡೆಯುತ್ತದೆ. ಈ ಕೆಲಸ ಮಾಡುವ ಕಿಣ್ವಗಳೂ ಪ್ರೋಟೀನುಗಳೇ. ಪ್ಲಾಸ್ಮೆಪ್ಸಿನ್ ಮತ್ತು ಫಾಲ್ಸಿಪೇನ್ ಎಂಬ ಎರಡು ಗುಂಪಿನ ಕಿಣ್ವಗಳು ಹೀಮೊಗ್ಲೋಬಿನನ್ನು ತುಂಡರಿಸಿದಾಗ, ರೋಗಾಣುವಿಗೆ ಬೇಕಾದ ಅಮೈನೋ ಆಮ್ಲಗಳು ದೊರೆಯುತ್ತವೆ. ಆದರೆ ಕಬ್ಬಿಣವಿರುವ ಹೀಮ್ ಎಂಬ ಭಾಗ ಉಳಿದುಬಿಡುತ್ತದೆ. ಇದು ರೋಗಾಣುವಿಗೆ ವಿಷ. ಅದನ್ನು ಹೊರಹಾಕಲಾರದ ರೋಗಾಣು, ನಿರಪಾಯವಾದ ಸ್ಫಟಿಕವನ್ನಾಗಿ ಮಾರ್ಪಡಿಸಿ ಒಳಗೇ ಇರಿಸಿಕೊಳ್ಳುತ್ತದೆ. ಲಾವೆರಾನ್ ಮತ್ತು ರಾಸ್ ಕಂಡ ಕಪ್ಪು ಕಣಗಳು ಇವೇ.

ಕ್ಲೋರೊಕ್ವಿನ್ ಔಷಧಿಯು ಈ ಸ್ಫಟಿಕ ಕಟ್ಟುವುದನ್ನು ತಡೆಯುತ್ತದೆ. ಆಗ ಹೀಮ್ ಸಂಗ್ರಹವಾಗಿ, ರೋಗಾಣು ತಾನುಂಡ ಆಹಾರದ ವಿಷದಿಂದಲೇ ಸಾಯುತ್ತದೆ. ಆದರೆ ಜೀರ್ಣಕೋಶದ ಪೊರೆಯಲ್ಲಿರುವ ಸಿಆರ್‌ಟಿ ಎಂಬ ಪ್ರೋಟೀನಿನಲ್ಲಿ ಬದಲಾವಣೆಯಾದ ಫಾಲ್ಸಿಪಾರಂ ತಳಿಗಳು ಔಷಧಿಯನ್ನೇ ಹೊರದೂಡಬಲ್ಲವು. ಭಾರತದಲ್ಲಿ ಫಾಲ್ಸಿಪಾರಂ ಮಲೇರಿಯಾಕ್ಕೆ ಈಗ ಕ್ಲೋರೊಕ್ವಿನ್ ಬದಲು ಆರ್ಟಿಮಿಸಿನಿನ್ ಸಂಯುಕ್ತ ಚಿಕಿತ್ಸೆಯನ್ನು ನೀಡಲು ಇದೇ ಕಾರಣ.

ಅಡಗುವಿಕೆ ಮತ್ತು ಹೊರಬರುವಿಕೆ

ದೇಹದ ಗುಲ್ಮವು ಕೆಟ್ಟ ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಫಾಲ್ಸಿಪಾರಂ ಪಿಎಫ್‌ಇಎಂಪಿ1 ಎಂಬ ಪ್ರೋಟೀನನ್ನು ರಕ್ತಕಣದ ಹೊರಮೈಗೆ ಕಳುಹಿಸುತ್ತದೆ. ಅದರಿಂದ ರಕ್ತಕಣವು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ ನಿಲ್ಲುತ್ತದೆ. ಮೆದುಳಿನ ನಾಳಗಳಲ್ಲಿ ಹೀಗಾದಾಗ ರೋಗಿ ಪ್ರಜ್ಞೆ ತಪ್ಪಬಹುದು. ಚಿಕಿತ್ಸೆ ತಡವಾದರೆ ಪ್ರಾಣಹಾನಿಯೂ ಆಗಬಹುದು. ಈ ಪ್ರೋಟೀನಿಗೆ ಸಂಬಂಧಿಸಿದ ಸುಮಾರು 60 ವಂಶವಾಹಿಗಳಿದ್ದು, ಒಮ್ಮೆಗೆ ಸಾಮಾನ್ಯವಾಗಿ ಒಂದು ಮಾತ್ರ ಕಾರ್ಯನಿರತವಾಗಿರುತ್ತದೆ. ದೇಹವು ಒಂದು ರೂಪಕ್ಕೆ ಪ್ರತಿಕಾಯಗಳನ್ನು ಸಿದ್ಧಪಡಿಸುವಷ್ಟರಲ್ಲಿ ರೋಗಾಣು ಇನ್ನೊಂದು ರೂಪವನ್ನು ತಾಳಿರುತ್ತದೆ.

ಸುಮಾರು 48 ಗಂಟೆಗಳ ಬಳಿಕ ಒಂದು ಫಾಲ್ಸಿಪಾರಂ ರೋಗಾಣು 16ರಿಂದ 32 ಮರಿ ರೋಗಾಣುಗಳಾಗಿರುತ್ತದೆ. ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು ಆಗ ಪೊರೆಗಳನ್ನು ಹರಿಯುತ್ತವೆ. ರಕ್ತಕಣಗಳು ಒಡೆದು ರೋಗಾಣುಗಳೂ ಕಸವೂ ರಕ್ತಕ್ಕೆ ಸುರಿದಾಗ ಚಳಿ ಮತ್ತು ಜ್ವರ ಬರುತ್ತವೆ. ಹೊರಬಂದ ಪ್ರತಿಯೊಂದು ರೋಗಾಣುವೂ ಹೊಸ ರಕ್ತಕಣವನ್ನು ಹುಡುಕುತ್ತದೆ. ಜ್ವರ ಬಿಟ್ಟ ದಿನ ರೋಗವೂ ಬಿಟ್ಟಿತೆಂದು ಭಾವಿಸುವುದು ಈ ಕಾರಣದಿಂದಲೇ ತಪ್ಪಾಗುತ್ತದೆ.

ಹೈದರಾಬಾದ್ ಮತ್ತು ಬೆಂಗಳೂರಿನ ಸಂಶೋಧನೆ

ಒಂದು ಪ್ರೋಟೀನು ರೋಗಾಣುವಿಗೆ ಅನಿವಾರ್ಯವೇ ಎಂದು ತಿಳಿಯಲು, ಅದರ ವಂಶವಾಹಿಯನ್ನು ಕೆಡಿಸಿ ಪರಿಣಾಮವನ್ನು ನೋಡುವುದು ವಿಜ್ಞಾನಿಗಳ ಕ್ರಮ. ಅಮೆರಿಕದಲ್ಲಿ ಪೂರಣ್ ಸಿಂಗ್ ಸಿಜ್ವಾಲಿ ಮತ್ತು ಫಿಲಿಪ್ ರೋಸೆಂತಾಲ್ 2004ರಲ್ಲಿ ಫಾಲ್ಸಿಪೇನ್-2 ಕಿಣ್ವದ ವಂಶವಾಹಿಯನ್ನು ಕೆಡಿಸಿದಾಗ, ರೋಗಾಣುವಿನ ಜೀರ್ಣಕೋಶವು ಜೀರ್ಣವಾಗದ ಹೀಮೊಗ್ಲೋಬಿನ್‌ನಿಂದ ಉಬ್ಬಿಕೊಂಡಿತು. ಸಿಜ್ವಾಲಿಯವರು ಬಳಿಕ ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿರುವ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದಲ್ಲಿ ರೋಗಾಣುವಿನ ಪ್ರೋಟೀನುಗಳ ಅಧ್ಯಯನವನ್ನು ಮುಂದುವರಿಸಿದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ, ತುಂಡಾದ ಡಿಎನ್‌ಎಯನ್ನು ಸರಿಪಡಿಸುವ ರೋಗಾಣುವಿನ ರ್‍ಯಾಡ್51 ಎಂಬ ಪ್ರೋಟೀನಿನ ಅಧ್ಯಯನ ನಡೆದಿದೆ. ವೇಗವಾಗಿ ವೃದ್ಧಿಯಾಗುವ ರೋಗಾಣುವಿಗೆ ಈ ದುರಸ್ತಿ ಅತ್ಯಗತ್ಯವಾದುದರಿಂದ, ಅದನ್ನು ತಡೆಯುವ ವಸ್ತುಗಳು ಔಷಧಿಯಾಗಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಪದ್ಮನಾಭನ್ ಮತ್ತು ಸಂಗಡಿಗರು, ರಕ್ತದಲ್ಲಿ ಹೇರಳ ಹೀಮ್ ಇದ್ದರೂ ರೋಗಾಣು ತಾನೂ ಹೀಮ್ ತಯಾರಿಸುತ್ತದೆಂದು 1992ರಲ್ಲಿ ತೋರಿಸಿದರು. ರಕ್ತದ ಹಂತದಲ್ಲಿ ಈ ತಯಾರಿಕೆ ಅನಿವಾರ್ಯವಲ್ಲ, ಸೊಳ್ಳೆ ಮತ್ತು ಯಕೃತ್ತಿನ ಹಂತಗಳಲ್ಲಿ ಅನಿವಾರ್ಯ ಎಂಬುದು 2013ರಲ್ಲಿ ಅದೇ ಸಂಸ್ಥೆಯಿಂದ ತಿಳಿದುಬಂದಿತು. ಯಾವ ಹಂತದಲ್ಲಿ ಯಾವ ಪ್ರೋಟೀನು ಅಗತ್ಯವೆಂಬ ಇಂತಹ ತಿಳಿವಳಿಕೆಯ ಮೇಲೆಯೇ ಹೊಸ ಔಷಧಿಗಳ ಆಯ್ಕೆ ನಿಂತಿದೆ.

ಪರೀಕ್ಷೆ ಮತ್ತು ಲಸಿಕೆ

ಫಾಲ್ಸಿಪಾರಂ ರೋಗಾಣು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಸುತ್ತದೆ. ಬೆರಳಿನಿಂದ ತೆಗೆದ ಒಂದು ಹನಿ ರಕ್ತದಲ್ಲಿ ಅದನ್ನು ಗುರುತಿಸಿ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಫಲಿತಾಂಶ ನೀಡುವ ಪಟ್ಟಿಗಳು ಬಳಕೆಯಲ್ಲಿವೆ. ಗುಣವಾದ ಮೇಲೂ ಈ ಪ್ರೋಟೀನು ಕೆಲವು ವಾರ ರಕ್ತದಲ್ಲಿ ಉಳಿಯಬಹುದಾದುದರಿಂದ, ಚಿಕಿತ್ಸೆ ಫಲಿಸಿದೆಯೇ ಎಂಬುದನ್ನು ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಧರಿಸಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2021 ಮತ್ತು 2023ರಲ್ಲಿ ಶಿಫಾರಸು ಮಾಡಿದ ಎರಡು ಲಸಿಕೆಗಳು, ಯಕೃತ್ತನ್ನು ಸೇರುವ ಮೊದಲಿನ ರೋಗಾಣುವಿನ ಪ್ರೋಟೀನಿಗೆ ಸಂಬಂಧಿಸಿದವು. ಎರಡನೆಯದನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ರಕ್ತದ ಹಂತವನ್ನು ತಡೆಯುವ ಆರ್‌ಎಚ್5 ಲಸಿಕೆ ಇನ್ನೂ ಪ್ರಯೋಗದ ಹಂತದಲ್ಲಿದೆ.

ಸಾರ್ವಜನಿಕರು ಗಮನಿಸಬೇಕಾದುದು

2030ರ ವೇಳೆಗೆ ದೇಶದಿಂದ ಮಲೇರಿಯಾವನ್ನು ನಿರ್ಮೂಲ ಮಾಡುವುದು ಭಾರತ ಸರ್ಕಾರದ ಗುರಿ. ಜ್ವರ ಬಂದಾಗ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಕೂಡಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ವೈವಾಕ್ಸ್ ರೋಗಾಣುಗಳು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿದ್ದು ಮತ್ತೆ ಜ್ವರ ತರಬಲ್ಲವಾದುದರಿಂದ, ಅದಕ್ಕೆ ವೈದ್ಯರು ಕೊಡುವ 14 ದಿನಗಳ ಪ್ರೈಮಾಕ್ವಿನ್ ಮಾತ್ರೆಗಳನ್ನು ಮಧ್ಯದಲ್ಲಿ ನಿಲ್ಲಿಸಬಾರದು. ಗರ್ಭಿಣಿಯರಿಗೆ ಮತ್ತು ಶಿಶುಗಳಿಗೆ ಈ ಮಾತ್ರೆ ಸಲ್ಲದು; ಆದುದರಿಂದ ವೈದ್ಯರ ಸಲಹೆಯಿಲ್ಲದೆ ಯಾರೂ ಸೇವಿಸಬಾರದು.

ಅರ್ಧಕ್ಕೆ ನಿಲ್ಲಿಸಿದ ಚಿಕಿತ್ಸೆಯಲ್ಲಿ ಬದುಕುಳಿಯುವುದು ಔಷಧಿಯನ್ನು ತಾಳಿಕೊಳ್ಳಬಲ್ಲ ರೋಗಾಣುಗಳೇ. ಸೊಳ್ಳೆಗಳು ಅವನ್ನೇ ನೆರೆಮನೆಗೂ ನೆರೆಯೂರಿಗೂ ಒಯ್ಯುತ್ತವೆ. ಕೊಟ್ಟ ಮಾತ್ರೆಗಳನ್ನು ಪೂರ್ತಿಯಾಗಿ ಸೇವಿಸುವ ರೋಗಿಯು ತನ್ನನ್ನಷ್ಟೇ ಅಲ್ಲದೆ, ತನ್ನ ಊರಿನವರ ಪಾಲಿಗೆ ಆ ಔಷಧಿಯ ಶಕ್ತಿಯನ್ನೂ ಉಳಿಸಿಕೊಡುತ್ತಾನೆ.