ವಿಶ್ರಾಂತಿಯ ವಯಸ್ಸಿನಲ್ಲಿ ಮನೆಗೆ ತಕ್ಕ ಎಸ್ಪ್ರೆಸೊ ಯಂತ್ರ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಸೀಮೆಗಳ ಕಾಫಿ ಬೀಜವು ಬಹುಕಾಲದಿಂದ ಇಟಲಿ ದೇಶಕ್ಕೆ ಹೋಗುತ್ತಿದ್ದು, ಅಲ್ಲಿ ಎಸ್ಪ್ರೆಸೊ ಎಂಬ ಗಟ್ಟಿ ಕಷಾಯಕ್ಕೆ ಉಪಯೋಗವಾಗುತ್ತಿರುವುದು ಬೆಳೆಗಾರರಿಗೆ ತಿಳಿದ ವಿಷಯವೇ ಆಗಿದೆ. ಈಚೆಗೆ ತೋಟದ ಆಡಳಿತವನ್ನು ಮಕ್ಕಳಿಗೆ ಒಪ್ಪಿಸಿದ ಹಿರಿಯರಲ್ಲಿ ಕೆಲವರು ತಮ್ಮ ಬೀಜದ ರುಚಿಯನ್ನು ಈ ರೀತಿಯಲ್ಲಿ ತಾವೇ ನೋಡಬೇಕೆಂದು ಯಂತ್ರಗಳನ್ನು ತರಿಸುತ್ತಿದ್ದಾರೆ. ಆದರೆ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಬೆಲೆಬಾಳುವ ಯಂತ್ರವು ಎರಡನೆಯ ಮಳೆಗಾಲಕ್ಕೇ ಬಟ್ಟೆ ಮುಚ್ಚಿಕೊಂಡು ಮೂಲೆ ಸೇರಿರುವುದನ್ನೂ ನಾವು ಕಂಡಿದ್ದೇವೆ. ಹೀಗಾಗದಂತೆ ಆರಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಸ್ಪ್ರೆಸೊ ಎಂಬುದು ಕಾಫಿಯ ಒಂದು ಜಾತಿಯಲ್ಲ. ಅದು ಕಷಾಯ ಇಳಿಸುವ ಒಂದು ಕ್ರಮ. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ತೊಟ್ಟಿಕ್ಕುತ್ತದೆ. ಎಸ್ಪ್ರೆಸೊ ಕ್ರಮದಲ್ಲಾದರೋ 90 ರಿಂದ 96 ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರನ್ನು, ಚದರ ಸೆಂಟಿಮೀಟರೊಂದಕ್ಕೆ ಸುಮಾರು 9 ಕಿಲೋಗ್ರಾಂ ಒತ್ತಡದಿಂದ, ನುಣುಪಾದ ಪುಡಿಯ ಮೂಲಕ ನುಗ್ಗಿಸಲಾಗುತ್ತದೆ. 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಷಾಯವು 25-30 ಸೆಕೆಂಡುಗಳಲ್ಲಿ ಇಳಿದರೆ ಹದ ಸರಿಯಾಯಿತೆಂದು ತಿಳಿಯತಕ್ಕದ್ದು. 1901ರಲ್ಲಿ ಮಿಲಾನ್ ನಗರದ ಬೆಜ್ಜೆರಾ ಎಂಬವರು ಹಕ್ಕುಪತ್ರ ಪಡೆದ ಯಂತ್ರವು ಹಬೆಯ ಬಲದಿಂದ ನಡೆಯುತ್ತಿದ್ದುದರಿಂದ ಅದಕ್ಕೆ ಇಷ್ಟು ಒತ್ತಡ ಸಾಧ್ಯವಿರಲಿಲ್ಲ. ಅದೇ ನಗರದ ಅಕಿಲ್ಲೆ ಗಾಜ್ಜಿಯಾ ಎಂಬವರು 1940ರ ದಶಕದ ಕೊನೆಯಲ್ಲಿ ಸ್ಪ್ರಿಂಗು ಮತ್ತು ಸನ್ನೆಗೋಲನ್ನು ಜೋಡಿಸಿದ ಬಳಿಕವೇ ಮೇಲೆ ಕಂದು ಕೆನೆ ಕಟ್ಟುವ ಇಂದಿನ ಕಷಾಯವು ಬಂದಿತು. ವಿದ್ಯುತ್ ಪಂಪಿನ ಯಂತ್ರಗಳು ಬಳಕೆಗೆ ಬಂದುದು 1961ರಿಂದ ಈಚೆಗೆ. ಎಂದರೆ, ಪಂಪಿಲ್ಲದೆ ತೋಳಿನಿಂದಲೇ ಒಳ್ಳೆಯ ಎಸ್ಪ್ರೆಸೊ ಇಳಿಸಬಹುದೆಂಬುದು ಹಳೆಯ ಸಂಗತಿ.

ಅಂಗಡಿಯವರು ಸುಲಭವೆಂದು ತೋರಿಸುವುದು ಗುಂಡಿಯೊತ್ತಿದರೆ ಬೀಜವನ್ನು ಬೀಸಿ ಕಷಾಯವಿಳಿಸುವ ಯಂತ್ರವನ್ನು. ಇದು ಬಳಸುವುದಕ್ಕೆ ಸುಲಭವೇ ಹೌದು; ಆದರೆ ಇದರೊಳಗೆ ಪಂಪು, ಕಾವು ಅಳೆಯುವ ಸಾಧನ, ಬೀಸುವ ಮೋಟಾರು, ಇವನ್ನೆಲ್ಲ ಆಳುವ ವಿದ್ಯುತ್ ಹಲಗೆ ಮೊದಲಾದ ಅನೇಕ ಅಂಗಗಳಿರುತ್ತವೆ. ಇವುಗಳಲ್ಲೊಂದು ಕೆಟ್ಟರೂ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ದೂರದ ಪಟ್ಟಣಕ್ಕೆ ಕಳುಹಬೇಕು. ಊರಿನ ಮೋಟಾರು ರಿಪೇರಿಯವನು ಇದನ್ನು ಮುಟ್ಟಲಾರನು. ಮತ್ತೊಂದು ಬಗೆಯದು ಮುಚ್ಚಿದ ಪುಟ್ಟ ಡಬ್ಬಿಗಳಲ್ಲಿ ತುಂಬಿದ ಪುಡಿಯಿಂದ ನಡೆಯತಕ್ಕದ್ದು. ಸ್ವಂತ ತೋಟದ ಬೀಜವನ್ನು ಕಣದಲ್ಲಿಟ್ಟುಕೊಂಡು ಅನ್ಯರ ಪುಡಿಯನ್ನು ಡಬ್ಬಿಗಿಷ್ಟೆಂದು ಕೊಳ್ಳುವುದು ಬೆಳೆಗಾರನಿಗೆ ಒಪ್ಪುವ ಮಾತಲ್ಲವೆಂದು ನಮ್ಮ ಅಭಿಪ್ರಾಯ. ಆದುದರಿಂದ ಯಂತ್ರದ ಸರಳತೆಯನ್ನು ಗುಂಡಿಗಳ ಸಂಖ್ಯೆಯಿಂದ ಅಳೆಯದೆ, ಬಿಚ್ಚಿದಾಗ ಮೇಜಿನ ಮೇಲೆ ಎಷ್ಟು ಅಂಗಗಳು ಬೀಳುತ್ತವೆ, ಅವನ್ನು ಮತ್ತೆ ತಾವೇ ಜೋಡಿಸಬಹುದೇ ಎಂಬುದರಿಂದ ಅಳೆಯತಕ್ಕದ್ದು.

ಈ ಪರೀಕ್ಷೆಯಲ್ಲಿ ಮೊದಲು ನಿಲ್ಲುವುದು ಬಾಯಿಲರೂ ಪಂಪೂ ಇಲ್ಲದ ಕೈಸನ್ನೆಯ ಯಂತ್ರ. ಒಲೆಯ ಮೇಲೆ ಕಾಯಿಸಿದ ನೀರನ್ನು ಇದರ ಗಿಂಡಿಗೆ ಹೊಯ್ದು ಸನ್ನೆಯನ್ನು ಒತ್ತುವುದಷ್ಟೇ ಕೆಲಸ. ಕೆಡುವುದೆಂದರೆ ಸಾಮಾನ್ಯವಾಗಿ ಒಂದೆರಡು ರಬ್ಬರ್ ವಾಷರುಗಳು. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತು ಇಲ್ಲದಾಗಲೂ ಇದು ನಡೆಯುವುದು.

ಆದರೆ ತೋಳಿನ ಶಕ್ತಿಯನ್ನು ಮೊದಲೇ ನೋಡಿಕೊಳ್ಳಬೇಕು. ನೀರನ್ನೊತ್ತುವ ಪಿಸ್ಟನ್ನಿನ ವ್ಯಾಸವು 58 ಮಿಲಿಮೀಟರಾದರೆ ಅದರ ಮೇಲೆ ಬೀಳಬೇಕಾದ ಭಾರವು ಸುಮಾರು 240 ಕಿಲೋ. ಸನ್ನೆಯು ಇದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೂ ಕೈಗೆ 24 ಕಿಲೋ ಉಳಿಯಿತು. ಅದೇ ಪಿಸ್ಟನ್ನಿನ ವ್ಯಾಸವು 40 ಮಿಲಿಮೀಟರಾದರೆ ಭಾರವು 115 ಕಿಲೋಗಿಂತ ಹೆಚ್ಚಾಗದು. ಕೈಗೆ ಬೀಳುವುದು ಹನ್ನೆರಡು ಕಿಲೋವಿನೊಳಗೆ. ಆದಕಾರಣ ಭುಜನೋವು, ಕೀಲುನೋವು ಇರತಕ್ಕವರು ಚಿಕ್ಕ ಪಿಸ್ಟನ್ನಿನದನ್ನು, ಅದರಲ್ಲಿಯೂ ಎರಡು ಕೈಗಳಿಂದ ಒತ್ತುವಂತಹುದನ್ನು ಆರಿಸುವುದು ಲೇಸು. ಕೊಳ್ಳುವ ಮೊದಲು ತಾವೇ ಒಮ್ಮೆ ಒತ್ತಿ ನೋಡತಕ್ಕದ್ದು. ಒಳಗಿನ ಒತ್ತಡವು ಇಳಿಯುವ ಮೊದಲು ಪುಡಿಯ ಬಟ್ಟಲನ್ನು ಕಳಚಿದರೆ ಬಿಸಿ ನೀರೂ ಚರಟವೂ ಮುಖಕ್ಕೆ ಸಿಡಿಯುವುದರಿಂದ ಅವಸರಪಡಬಾರದು.

ಕೈಸನ್ನೆ ಸಾಗದವರಿಗೆ ಒಂದೇ ಬಾಯಿಲರಿನ, ಒಂದೇ ಪಂಪಿನ ಚಿಕ್ಕ ಯಂತ್ರವು ಎರಡನೆಯ ದಾರಿ. ಇದು ಚೆನ್ನಾಗಿ ಕಾಯುವುದಕ್ಕೆ ಹತ್ತು ಹದಿನೈದು ನಿಮಿಷ ಬೇಕು. ಕೊಳವೆ ಬಾವಿಯ ಗಡಸು ನೀರು ಬಾಯಿಲರಿನಲ್ಲಿ ಸುಣ್ಣ ಕಟ್ಟುವುದರಿಂದ ಶೋಧಿಸಿದ ಮೆದುನೀರನ್ನೇ ಬಳಸತಕ್ಕದ್ದು. ಸಾವಿರ ವಾಟಿಗೂ ಮಿಕ್ಕಿ ವಿದ್ಯುತ್ತು ಹಿಡಿಯುವ ಈ ಯಂತ್ರದ ಭಾರವನ್ನು ಮನೆಯ ಸಾಮಾನ್ಯ ಇನ್ವರ್ಟರು ಹೊರಲಾರದು. ಹಾಲಿಗೆ ನೊರೆ ಬರಿಸುವ ಹಬೆಯ ಕೊಳವೆಗಾಗಿ ಹೆಚ್ಚು ಹಣ ಕೊಡುವುದು ಅನಾವಶ್ಯಕ; ಒಲೆಯಲ್ಲಿ ಕಾಯಿಸಿದ ಹಾಲನ್ನು ಎರಡು ಲೋಟಗಳಲ್ಲಿ ಎತ್ತಿ ಹೊಯ್ಯುವ ನಮ್ಮ ಮನೆಗಳ ಪದ್ಧತಿಯೇ ಸಾಕು.

ಉಳಿಸಿದ ಹಣವನ್ನು ಬೀಸುವ ಯಂತ್ರಕ್ಕೆ ವಿನಿಯೋಗಿಸಬೇಕು. ಮಿಕ್ಸಿಯಲ್ಲಿ ಹೊಡೆದ ಪುಡಿಯಲ್ಲಿ ತರಿಯೂ ಹಿಟ್ಟೂ ಬೆರೆತಿರುವುದರಿಂದ ನೀರು ಒಂದು ಕಡೆ ಕೊರೆದುಕೊಂಡು ನುಗ್ಗಿ, ಕಷಾಯವು ಏಕಕಾಲಕ್ಕೆ ಹುಳಿಯೂ ಕಹಿಯೂ ಆಗುವುದು. ಹಲ್ಲಿನ ಬಿಲ್ಲೆಗಳುಳ್ಳ, ನುಣುಪನ್ನು ಸೂಕ್ಷ್ಮವಾಗಿ ತಿರುಗಿಸಿಕೊಳ್ಳಬಹುದಾದ ಬೀಸುವ ಯಂತ್ರವೇ ಆಗಬೇಕು. ಮಣಿಕಟ್ಟು ಬಲಹೀನವಾದವರು ಇದನ್ನು ವಿದ್ಯುತ್ತಿನದಾಗಿಯೇ ಕೊಳ್ಳಬಹುದು. ಚಿಕೋರಿ ಬೆರೆತ ಪುಡಿಯನ್ನು ಈ ಯಂತ್ರಗಳಿಗೆ ಹಾಕಬಾರದು. ಅದು ನೀರಿನಲ್ಲಿ ಅಂಟಾಗಿ ಜಾಲರಿಯನ್ನು ಕಟ್ಟುವುದು. ಚೆನ್ನಾಗಿ ತೊಳೆದು ಒಣಗಿಸಿದ ರೊಬಸ್ಟಾವನ್ನು ಅರಾಬಿಕದೊಡನೆ ಸ್ವಲ್ಪ ಬೆರೆಸಿದರೆ ಕೆನೆ ದಪ್ಪಗಾಗುತ್ತದೆ.

ಅಮೇರಿಕದಲ್ಲಿರುವ ಮಕ್ಕಳು ಅಲ್ಲಿಂದ ಯಂತ್ರವನ್ನು ತರುವುದಾದರೆ ಕೈಸನ್ನೆಯದನ್ನೇ ತರಹೇಳಿರಿ. ಅಲ್ಲಿನ ವಿದ್ಯುತ್ತು 120 ವೋಲ್ಟು, ನಮ್ಮದು 230. ಅಲ್ಲಿಯ ಬಾಯಿಲರನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಮೂರೂವರೆ ಪಾಲಿಗೂ ಮಿಕ್ಕಿದ ಕಾವು ಹುಟ್ಟಿ ಸುಟ್ಟುಹೋಗುವುದು. ಜೊತೆಗೆ ಎರಡು ಜೊತೆ ವಾಷರುಗಳನ್ನೂ ತರಿಸಿಟ್ಟುಕೊಳ್ಳುವುದು ಉತ್ತಮ.