ಏರಿಕೆಯೂ ಎತ್ತರವೂ

ಒಂದು ರಾಶಿಯ ಬೆಲೆಯನ್ನು ಆಶ್ರಯಿಸಿ ಮತ್ತೊಂದು ರಾಶಿಯ ಬೆಲೆ ನಿಶ್ಚಿತವಾಗುವುದಾದರೆ ಆ ಸಂಬಂಧಕ್ಕೆ ಗಣಿತಜ್ಞರು ‘ಫಲನ’ವೆಂದು ಹೆಸರಿಡುವರು. ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ‘ಜ್ಯಾಮಿತಿ’ ಎಂಬ ಕೃತಿಯಿಂದ ಬೀಜಗಣಿತಕ್ಕೂ ರೇಖೆಗೂ ನಂಟು ಬಲಗೊಂಡಿತು. ಫಲನದ ನಡೆಯನ್ನು ನಕ್ಷೆಯಲ್ಲಿ ಕಣ್ಣಾರೆ ಕಾಣುವುದು ಆ ನಂಟಿನ ಫಲವೇ ಸರಿ.

ನಕ್ಷೆಯನ್ನು ಕನ್ನಡದ ಪಂಕ್ತಿಯಂತೆ ಎಡದಿಂದ ಬಲಕ್ಕೆ ಓದಬೇಕು. ದೃಷ್ಟಿ ಬಲಕ್ಕೆ ಸರಿದಂತೆ ರೇಖೆ ಮೇಲೇರಿದರೆ ಅಲ್ಲಿ ಫಲನವು ವರ್ಧಮಾನ, ಕೆಳಗಿಳಿದರೆ ಕ್ಷೀಯಮಾಣ, ಸಮವಾಗಿ ಸಾಗಿದರೆ ಸ್ಥಿರ.

ಒಂದು ಸಂಖ್ಯೆಯ ಘನದಿಂದ ಆ ಸಂಖ್ಯೆಯ ಮೂರುಪಟ್ಟನ್ನು ಕಳೆಯುವ ಫಲನವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಸಂಖ್ಯೆಯು ಕ್ರಮವಾಗಿ ಋಣ 2, ಋಣ 1, 0, 1, 2 ಆದಾಗ ಫಲವು ಋಣ 2, 2, 0, ಋಣ 2, 2 ಆಗುತ್ತದೆ. ಇದರ ನಕ್ಷೆ ಋಣ 1ರವರೆಗೆ ಏರಿ, ಅಲ್ಲಿಂದ 1ರವರೆಗೆ ಇಳಿದು, ಮತ್ತೆ ಏರತೊಡಗುತ್ತದೆ.

ಈಗ ‘ಫಲನವು ಎಲ್ಲಿ ವರ್ಧಮಾನ?’ ಎಂಬ ಪ್ರಶ್ನೆ. ಏರಿಕೆ ಕಾಣುವುದು ಲಂಬ ದಿಕ್ಕಿನಲ್ಲಾದರೂ ‘ಎಲ್ಲಿ’ ಎಂಬುದಕ್ಕೆ ಉತ್ತರ ದೊರೆಯುವುದು ಅಡ್ಡ ಅಕ್ಷದ ಮೇಲೆ. ಆದುದರಿಂದ ಸಂಖ್ಯೆಯು ಋಣ 1ಕ್ಕಿಂತ ಕಡಿಮೆಯಿರುವಲ್ಲಿ ಒಮ್ಮೆ, 1ಕ್ಕಿಂತ ಹೆಚ್ಚಿರುವಲ್ಲಿ ಇನ್ನೊಮ್ಮೆ ಎಂಬುದೇ ಉತ್ತರ. ಇವೆರಡನ್ನೂ ಬೇರೆ ಬೇರೆಯಾಗಿಯೇ ಹೇಳಬೇಕು. ನಡುವೆ ಇಳಿಜಾರು ಇರುವುದರಿಂದ ಒಂದೇ ಏರಿಕೆಯೆಂದು ಜೋಡಿಸಲಾಗದು.

ವಿದ್ಯಾರ್ಥಿಗಳು ಬಹುವಾಗಿ ಎಡವುವುದು ಏರಿಕೆಯನ್ನೂ ಎತ್ತರವನ್ನೂ ಒಂದೆಂದು ಬಗೆಯುವುದರಲ್ಲಿ. ರೇಖೆ ಅಡ್ಡ ಅಕ್ಷದ ಮೇಲಿದ್ದರೆ ವರ್ಧಮಾನ, ಕೆಳಗಿದ್ದರೆ ಕ್ಷೀಯಮಾಣ ಎಂದು ಅವರು ಬರೆದುಬಿಡುವರು. ಮೇಲಿನ ನಕ್ಷೆಯೇ ಈ ಭ್ರಮೆಯನ್ನು ಕಳೆಯುತ್ತದೆ. ಋಣ 1ರಿಂದ 0ಯವರೆಗೆ ರೇಖೆ ಅಕ್ಷದ ಮೇಲಿದೆ, ಆದರೂ ಇಳಿಯುತ್ತಿದೆ. 1ನ್ನು ದಾಟಿದೊಡನೆ ರೇಖೆ ಅಕ್ಷದ ಕೆಳಗಿದೆ, ಆದರೂ ಏರುತ್ತಿದೆ. ಎತ್ತರವು ಇರುವ ನೆಲೆಯನ್ನು ತಿಳಿಸಿದರೆ ಏರಿಕೆಯು ಸಾಗುವ ದಿಕ್ಕನ್ನು ತಿಳಿಸುತ್ತದೆ.

ಈ ವಿವೇಕವು ಗಣಿತದ ಪುಟಕ್ಕೆ ಮಾತ್ರ ಸಲ್ಲುವಂಥದಲ್ಲ. ನೂರಕ್ಕೆ ಇಪ್ಪತ್ತು ಅಂಕ ಪಡೆದ ಬಾಲಕನು ಮುಂದಿನ ಪರೀಕ್ಷೆಯಲ್ಲಿ ಮೂವತ್ತು, ಅದರ ಮುಂದೆ ಮೂವತ್ತೈದು ಪಡೆದರೆ ಅವನ ರೇಖೆ ಇನ್ನೂ ಕೆಳಗಿರಬಹುದು, ಆದರೆ ಅದು ಏರುತ್ತಿದೆ. ತೊಂಬತ್ತರಿಂದ ಎಂಬತ್ತಕ್ಕೆ ಬಂದವನ ರೇಖೆ ಮೇಲಿದ್ದರೂ ಇಳಿಯುತ್ತಿದೆ. ಮೊದಲನೆಯವನನ್ನು ಹಳಿಯದೆ, ಎರಡನೆಯವನನ್ನು ಎಚ್ಚರಿಸದೆ ಬಿಡದೆ, ಇಬ್ಬರ ನಡೆಯನ್ನೂ ಎಡದಿಂದ ಬಲಕ್ಕೆ ಓದಬಲ್ಲವನೇ ನಿಜವಾದ ಗುರು.